ಕಡಲಾಚೆಯ ಗಂಡನಿಗೆ ಮನೆಯಿಂದ ಬರೆದ ಕಾಗದ

ಕಳೆದ ಸಂಚಿಕೆಯಲ್ಲಿ ಹಳೆಯ ಕಾಲದ ಅಂಚೆಯ ಬಗ್ಗೆ ಬಂದ ಪ್ರಶ್ನೆಯೊಂದಕ್ಕೆ ಉತ್ತರಿಸುವಾಗ, ಅಮೆರಿಕದ ಬ್ರಿಟಿಷ್ ವಸಾಹತುಗಳ ಅಂಚೆಯನ್ನು ನೋಡಿಕೊಳ್ಳುತ್ತಿದ್ದ ಬೆಂಜಮಿನ್ ಫ್ರಾಂಕ್ಲಿನ್ ಅವರ ಹೆಂಡತಿ ಡೆಬೊರಾ ಒಮ್ಮೆ ಮನೆಯಲ್ಲಿ ಬಂದೂಕು ತರಿಸಿಟ್ಟುಕೊಂಡು ಕುಳಿತಿದ್ದರೆಂದೂ ಕಾಗದ ಬರೆದು ಗಂಡನ ರಾಜಕೀಯಕ್ಕೆ ಬೆಂಬಲವಾಗಿದ್ದರೆಂದೂ ಒಂದೇ ವಾಕ್ಯದಲ್ಲಿ ಹೇಳಿ ಮುಂದೆ ಹೋಗಿದ್ದೆ. ಅಂಚೆಯ ಬಗ್ಗೆ ಮತ್ತೆ ಯಾರೂ ಕೇಳಲಿಲ್ಲ. ಬಂದೂಕಿನ ಬಗ್ಗೆ ಕೇಳಿದ ಕಾಗದಗಳು ಮೇಜಿನ ಮೇಲೆ ರಾಶಿ ಬಿದ್ದಿವೆ. ಅವುಗಳಲ್ಲಿ ಐದನ್ನು ಆರಿಸಿಕೊಂಡು ಈ ಸಲದ ಅಂಕಣವನ್ನು ಪೂರ್ತಿಯಾಗಿ ಅದಕ್ಕೇ ಬಿಟ್ಟಿದ್ದೇನೆ.

ಪ್ರಶ್ನೆ: ಆ ಹೆಂಗಸಿಗೆ ಬಂದೂಕು ಏಕೆ ಬೇಕಾಯಿತು? ಗಂಡ ಎಲ್ಲಿದ್ದರು? ಇದೆಲ್ಲ ನಮಗೆ ಗೊತ್ತಾದದ್ದಾದರೂ ಹೇಗೆ? (ಮಂಗಳೂರಿನ ಕದ್ರಿಯಿಂದ ಒಬ್ಬ ಶಿಕ್ಷಕಿ)

ಉತ್ತರ: ಕೊನೆಯ ಪ್ರಶ್ನೆಗೆ ಮೊದಲು ಉತ್ತರಿಸುತ್ತೇನೆ. ಗೊತ್ತಾದದ್ದು ಅವರೇ ಬರೆದ ಕಾಗದದಿಂದ. 1765ರ ಸೆಪ್ಟೆಂಬರ್ 22ರಂದು ಡೆಬೊರಾ ಫಿಲಡೆಲ್ಫಿಯಾದ ತಮ್ಮ ಮನೆಯಿಂದ ಲಂಡನ್ನಿನಲ್ಲಿದ್ದ ಗಂಡನಿಗೆ ಬರೆದ ಆ ಕಾಗದ ಇಂದಿಗೂ ಉಳಿದಿದೆ.

ಗಂಡ ಲಂಡನ್ನಿನಲ್ಲಿದ್ದದ್ದು ವ್ಯಾಪಾರಕ್ಕಾಗಿ ಅಲ್ಲ, ರಾಜಕೀಯದ ಕೆಲಸಕ್ಕಾಗಿ. ಪೆನ್ಸಿಲ್ವೇನಿಯ ಎಂಬ ವಸಾಹತು ಬ್ರಿಟಿಷ್ ದೊರೆಯ ನೇರ ಆಡಳಿತದಲ್ಲಿ ಇರಲಿಲ್ಲ. ಪೆನ್ ಎಂಬ ಮನೆತನದ ಒಡೆತನದಲ್ಲಿತ್ತು. ಸೀಮೆಯ ರಕ್ಷಣೆಗೆ ಹಣ ಬೇಕಾದಾಗ ಎಲ್ಲರ ಆಸ್ತಿಗೂ ತೆರಿಗೆ ಬೀಳಬೇಕು, ತಮ್ಮ ಆಸ್ತಿಗೆ ಮಾತ್ರ ಬೀಳಕೂಡದು ಎಂಬುದು ಆ ಮನೆತನದವರ ಹಟ. ಊರಿನ ಧಣಿಗಳು ಸೇತುವೆಯ ಮೇಲೆ ಎಲ್ಲರಿಗಿಂತ ಮೊದಲು ನಡೆಯುತ್ತಾರೆ, ಸೇತುವೆಯ ವಂತಿಗೆ ಕೇಳಲು ಹೋದರೆ ಮಾತ್ರ ಮನೆಯಲ್ಲಿ ಇರುವುದಿಲ್ಲ ಎಂಬಂಥ ತಕರಾರು ಇದು. ಈ ತಕರಾರನ್ನು ಲಂಡನ್ನಿಗೆ ಒಯ್ಯಲು ಅಲ್ಲಿನ ಶಾಸನಸಭೆ 1757ರಲ್ಲಿ ಫ್ರಾಂಕ್ಲಿನ್ ಅವರನ್ನು ಪ್ರತಿನಿಧಿಯಾಗಿ ಕಳುಹಿಸಿತು. 1762ರಲ್ಲಿ ಅವರು ಮರಳಿ ಬಂದರು. 1764ರ ಅಕ್ಟೋಬರಿನ ಚುನಾವಣೆಯಲ್ಲಿ ತಮ್ಮ ಸ್ಥಾನವನ್ನು ಕಳೆದುಕೊಂಡರೂ, ಸಭೆಯಲ್ಲಿ ಅವರ ಪಕ್ಷದವರೇ ಹೆಚ್ಚಾಗಿದ್ದುದರಿಂದ, ವಸಾಹತನ್ನು ಪೆನ್ ಮನೆತನದ ಕೈಯಿಂದ ಬಿಡಿಸಿ ದೊರೆಯ ಆಡಳಿತಕ್ಕೆ ತೆಗೆದುಕೊಳ್ಳಬೇಕೆಂಬ ಅರ್ಜಿಯೊಡನೆ ನವೆಂಬರಿನಲ್ಲಿ ಪುನಃ ಹಡಗು ಹತ್ತಿದರು. ಡೆಬೊರಾ ಎರಡು ಸಲವೂ ಹೋಗಲಿಲ್ಲ. ಅವರಿಗೆ ಕಡಲೆಂದರೆ ಭಯವಿತ್ತು.

ಫ್ರಾಂಕ್ಲಿನ್ ಅಲ್ಲಿರುವಾಗಲೇ, 1765ರ ಮಾರ್ಚಿನಲ್ಲಿ, ಬ್ರಿಟಿಷ್ ಸಂಸತ್ತು ಸ್ಟಾಂಪ್ ಕಾಯಿದೆಯನ್ನು ಮಾಡಿತು. ವಸಾಹತುಗಳಲ್ಲಿ ಪತ್ರಿಕೆ, ದಸ್ತಾವೇಜು, ಪರವಾನಗಿ, ಕಡೆಗೆ ಇಸ್ಪೀಟಿನ ಎಲೆಗಳಿಗೂ ಮುದ್ರೆಯ ತೆರಿಗೆ ಕೊಡಬೇಕಾಯಿತು. ಫ್ರಾಂಕ್ಲಿನ್ ಮೊದಲು ಇದನ್ನು ವಿರೋಧಿಸಿದ್ದರು. ಕಾಯಿದೆ ಆಗಿಯೇ ಹೋಯಿತಲ್ಲ ಎಂದು ಕಂಡಾಗ, ಪೆನ್ಸಿಲ್ವೇನಿಯದಲ್ಲಿ ಸ್ಟಾಂಪು ಹಂಚುವ ಕೆಲಸಕ್ಕೆ ತಮ್ಮ ಗೆಳೆಯ ಜಾನ್ ಹ್ಯೂಸ್ ಅವರ ಹೆಸರನ್ನು ಸೂಚಿಸಿದರು. ನನ್ನ ಅಭಿಪ್ರಾಯದಲ್ಲಿ ಅವರ ಜೀವನದ ದೊಡ್ಡ ತಪ್ಪೆಣಿಕೆಗಳಲ್ಲಿ ಅದೊಂದು. ಸಾಗರದ ಆಚೆ ಕುಳಿತವನಿಗೆ ಊರಿನ ಸಿಟ್ಟು ಎಷ್ಟು ಕಾದಿದೆಯೆಂದು ಅಂದಾಜಾಗಲಿಲ್ಲ. ಈ ಕಾಯಿದೆಯ ಹಿಂದೆ ಫ್ರಾಂಕ್ಲಿನ್ ಅವರೇ ಇದ್ದಾರೆಂಬ ಸುದ್ದಿ ಫಿಲಡೆಲ್ಫಿಯಾದಲ್ಲಿ ಹಬ್ಬಿತು. ಆಗಷ್ಟೇ ಕಟ್ಟಿಸಿದ ಅವರ ಹೊಸ ಮನೆಯನ್ನು ಕೆಡವುತ್ತೇವೆಂಬ ಬೆದರಿಕೆಯೂ ಅದರ ಹಿಂದೆಯೇ ಬಂತು.

ಡೆಬೊರಾ ಬರೆದದ್ದು ಹೀಗಿದೆ. ಮನೆ ಬಿಟ್ಟು ಹೋಗಿರೆಂದು ಜನರು ಒಂಬತ್ತು ದಿನ ಬೆನ್ನು ಬಿಡದೆ ಒತ್ತಾಯಿಸಿದರು. ಮಗಳು ಸ್ಯಾಲಿಯನ್ನು ಸುರಕ್ಷಿತವಾಗಿರಲೆಂದು ಬರ್ಲಿಂಗ್ಟನ್ ಎಂಬ ಊರಿಗೆ ಕಳುಹಿಸಲಾಯಿತು. ಸೋಮವಾರ, ಲಂಡನ್ನಿನಲ್ಲಿ ಮಂತ್ರಿಮಂಡಲ ಬದಲಾದ ಸುದ್ದಿಗೆ ಊರಿನಲ್ಲಿ ಸಂಭ್ರಮ ಎದ್ದಿತು. ರಾತ್ರಿ ಬೆಂಕಿ ಹಾಕಿ ಕುಣಿಯುವ ಸಿದ್ಧತೆಯೂ, ಕೆಲವರ ಮನೆಗಳನ್ನು ಉರುಳಿಸುವ ಮಾತೂ ನಡೆಯಿತು. ಡಾವೆನ್‌ಪೋರ್ಟ್ ಎಂಬ ನೆಂಟ ಬಂದು, ನೀನು ಅವರ ಜೊತೆಯಲ್ಲಿರುವುದು ನಿನ್ನ ಕರ್ತವ್ಯವೆಂದು ಇಪ್ಪತ್ತಕ್ಕೂ ಹೆಚ್ಚು ಮಂದಿ ತನಗೆ ಹೇಳಿದರೆಂದು ತಿಳಿಸಿದ. ಸಂಜೆಯಾಗುತ್ತಿದ್ದಂತೆ, ನಮ್ಮಲ್ಲಿ ಒಂದೂ ಇಲ್ಲ, ಒಂದೆರಡು ಬಂದೂಕು ತಾ ಎಂದು ಡೆಬೊರಾ ಅವನಿಗೆ ಹೇಳಿದರು. ತಮ್ಮ ಸಹೋದರನಿಗೂ ಬಂದೂಕು ಹಿಡಿದು ಬರುವಂತೆ ಹೇಳಿ ಕಳುಹಿಸಿದರು. ಒಂದು ಕೋಣೆಯನ್ನು ಮದ್ದುಗುಂಡಿನ ಉಗ್ರಾಣ ಮಾಡಿದರು. ಮಾಳಿಗೆಯಲ್ಲಿ ತಾವೇ ನಿಭಾಯಿಸಬಲ್ಲಂಥ ರಕ್ಷಣೆಯನ್ನು ಏರ್ಪಡಿಸಿಕೊಂಡರು. ಹೊರಟು ಹೋಗಿರೆಂದು ಬುದ್ಧಿ ಹೇಳಿದವರಿಗೆ ಅವರು ಕೊಟ್ಟ ಉತ್ತರದ ಭಾವ ಇದು: ನನ್ನ ಗಂಡ ಯಾರಿಗೂ ಕೇಡು ಮಾಡಿದವರಲ್ಲವೆಂದು ನನಗೆ ಖಂಡಿತ ಗೊತ್ತಿದೆ, ನಾನೂ ಯಾರ ಮನಸ್ಸನ್ನೂ ನೋಯಿಸಿಲ್ಲ, ಆದ್ದರಿಂದ ನಾನು ಇಲ್ಲಿಂದ ಅಲುಗಾಡುವುದಿಲ್ಲ, ಅಳುಕನ್ನು ತೋರಿಸುವುದೂ ಇಲ್ಲ.

ಮನೆ ಉಳಿಯಿತು. ಕಾಗದ ಕಡಲು ದಾಟಿ ಲಂಡನ್ನು ಸೇರಿತು. ನವೆಂಬರ್ 9ರಂದು ಫ್ರಾಂಕ್ಲಿನ್ ಉತ್ತರ ಬರೆದು, ಆಕೆಯ ಧೈರ್ಯವನ್ನೂ ಮುಂದಾಲೋಚನೆಯನ್ನೂ ಗೌರವಿಸುವುದಾಗಿ ಹೇಳಿ, ಒಳ್ಳೆಯ ಮನೆಯನ್ನು ಕಾಯಲು ಗಟ್ಟಿ ಮನಸ್ಸು ಮಾಡಿದ ಹೆಂಗಸಿಗೆ ಒಳ್ಳೆಯ ಮನೆ ಸಲ್ಲತಕ್ಕದ್ದೇ ಎಂದರು.

ಆ ರಾತ್ರಿ ಆಕೆ ಮನೆ ಬಿಟ್ಟು ಹೋಗಿದ್ದರೆ ಊರು ಏನೆಂದುಕೊಳ್ಳುತ್ತಿತ್ತು ಎಂದು ಯೋಚಿಸಿ ನೋಡಿ. ಹೆಂಡತಿಯೇ ಓಡಿದಳೆಂದರೆ ಗಂಡ ತಪ್ಪಿತಸ್ಥನೆಂದೇ ಅರ್ಥವಾಗುತ್ತಿತ್ತು. ಲಂಡನ್ನಿನಲ್ಲಿ ಅವರು ವಸಾಹತಿನ ಪರವಾಗಿ ಮಾತನಾಡಬೇಕಾದರೆ, ವಸಾಹತಿನಲ್ಲಿ ಅವರ ಹೆಸರು ನಿಂತಿರಬೇಕಾಗಿತ್ತು. 1766ರ ಫೆಬ್ರವರಿಯಲ್ಲಿ ಸಂಸತ್ತಿನ ಕೆಳಮನೆಯ ಮುಂದೆ ನಿಂತು ಸ್ಟಾಂಪ್ ಕಾಯಿದೆಯ ವಿರುದ್ಧ ಪ್ರಶ್ನೆಗಳ ಸುರಿಮಳೆಗೆ ಫ್ರಾಂಕ್ಲಿನ್ ಉತ್ತರಿಸಿದರು. ಮಾರ್ಚಿನಲ್ಲಿ ಕಾಯಿದೆ ರದ್ದಾಯಿತು. ಏಪ್ರಿಲ್ 6ರಂದು ಅವರು ಹೆಂಡತಿಗೆ ಬರೆದು, ಕಾಯಿದೆ ರದ್ದಾಯಿತಲ್ಲ, ಇನ್ನು ನೀನು ಹೊಸ ಉಡುಪು ಹೊಲಿಸಿಕೊಳ್ಳಬಹುದು ಎಂದರು. ಸ್ವತಃ ನೂತ ಬಟ್ಟೆಯಲ್ಲದೆ ಬೇರೆ ಬಟ್ಟೆಯಲ್ಲಿ ನೆರೆಹೊರೆಯವರಿಗಿಂತ ಚೆಂದ ಕಾಣುವುದು ನಿನಗೆ ಇಷ್ಟವಾಗಲಾರದೆಂದು ಇಷ್ಟು ದಿನ ಕಳುಹಿಸಲಿಲ್ಲ ಎಂದೂ ಸೇರಿಸಿದರು. ಜೊತೆಗೆ ಹದಿನಾಲ್ಕು ಗಜ ಸ್ಯಾಟಿನ್ ಹೊರಟಿತು. ಸ್ವದೇಶಿ ಚಳವಳಿಯ ಕಾಲದಲ್ಲಿ ಸೀಮೆಬಟ್ಟೆಯನ್ನು ಪೆಟ್ಟಿಗೆಯ ತಳಕ್ಕೆ ಹಾಕಿದ ನಮ್ಮ ಅಜ್ಜಿಯರಿಗೆ ಈ ಮಾತಿನ ವರಸೆ ತಕ್ಷಣ ತಿಳಿಯುತ್ತಿತ್ತು.

ಪ್ರಶ್ನೆ: ಒಂದು ರಾತ್ರಿಯ ಧೈರ್ಯ ಸರಿಯೇ. ಆದರೆ ಡೆಬೊರಾ ಅವರ ಉಳಿದ ಕಾಗದಗಳಲ್ಲಿ ಹೆಚ್ಚಿನವು ಅಡಿಗೆಮನೆ, ನೆಂಟರಿಷ್ಟರು, ಕಾಯಿಲೆ ಕಸಾಲೆಗಳ ವಿಷಯವೇ ಎಂದು ಕೇಳಿದ್ದೇನೆ. ಅವನ್ನು ರಾಜಕೀಯ ಬೆಂಬಲವೆಂದು ಕರೆಯುವುದು ಅತಿಯಾಗುವುದಿಲ್ಲವೆ? (ಉಡುಪಿಯಿಂದ ಒಬ್ಬ ವಕೀಲರು)

ಉತ್ತರ: ವಕೀಲರ ಆಕ್ಷೇಪ ಗಟ್ಟಿಯಾಗಿದೆ, ಫ್ರಾಂಕ್ಲಿನ್ ಅವರೇ ನಿಮ್ಮ ಸಾಕ್ಷಿಯಾಗಿ ಬರುತ್ತಾರೆ. 1758ರ ಜೂನಿನಲ್ಲಿ ಅವರು ಹೆಂಡತಿಗೆ ಬರೆದು, ನೀನು ಪಕ್ಷಗಳ ಜಗಳದಲ್ಲಿ ತಲೆ ಹಾಕದಿರುವುದು ಬಹಳ ಜಾಣತನ, ಗಂಡ, ಅಣ್ಣ ತಮ್ಮ, ಸ್ನೇಹಿತರು ಬೇರೆ ಬೇರೆ ಕಡೆಯಲ್ಲಿದ್ದಾಗ ಅವರನ್ನು ರಾಜಿ ಮಾಡಿಸುವುದಕ್ಕಲ್ಲದೆ ಹೆಂಗಸರು ಅದರೊಳಗೆ ಕೈ ಹಾಕಲೇಬಾರದು ಎಂದಿದ್ದರು. ಏಳು ವರ್ಷದ ಬಳಿಕ ಅದೇ ಹೆಂಗಸು ಮಾಳಿಗೆಯಲ್ಲಿ ಬಂದೂಕು ಜೋಡಿಸಿದಾಗ ಹೊಗಳಿದವರೂ ಅವರೇ. ಮನುಷ್ಯರು ತಮ್ಮ ಮಾತನ್ನು ಮರೆಯುವುದಕ್ಕೆ ಏಳು ವರ್ಷ ಬೇಕಾಗುವುದಿಲ್ಲ, ಅದಿರಲಿ.

ಅಡಿಗೆಮನೆಯ ಕಾಗದಗಳು ಅಡಿಗೆಮನೆಯ ಕಾಗದಗಳೇ ಹೌದು. ಅವರು ಲಂಡನ್ನಿಗೆ ಸೇಬು, ಕ್ರ್ಯಾನ್‌ಬೆರಿ ಹಣ್ಣು, ಹಿಟ್ಟು ಕಳುಹಿಸುತ್ತಿದ್ದರು. ಅಲ್ಲಿಂದ ಪಿಂಗಾಣಿ, ಬಟ್ಟೆ, ಮನೆಯ ಸಾಮಾನು ಬರುತ್ತಿತ್ತು. ಹೊಸ ಮನೆಯ ಯಾವ ಕೋಣೆಯಲ್ಲಿ ಏನಿದೆ ಎಂದು ಗಂಡ ಕೇಳುವುದು, ಹೆಂಡತಿ ಕೋಣೆ ಕೋಣೆಯಾಗಿ ವಿವರಿಸುವುದು ನಡೆಯುತ್ತಿತ್ತು. ಮನೆಯ ಕೆಲಸ ಅರ್ಧಕ್ಕೆ ನಿಂತಾಗ ಡೆಬೊರಾ ಬರೆದ ಒಂದು ಮಾತು ನನಗೆ ಬಹಳ ಇಷ್ಟ: ಗಂಡಸು ಊರಲ್ಲಿರುವುದಕ್ಕೂ ಪರಊರಿನಲ್ಲಿರುವುದಕ್ಕೂ ಬಹಳ ಅಂತರವಿದೆ, ಎಲ್ಲಿ ತಪ್ಪಾಗುತ್ತದೋ ಎಂದು ಪ್ರತಿಯೊಬ್ಬರೂ ಹೆದರುತ್ತಾರೆ, ಹಾಗಾಗಿ ಎಲ್ಲ ಕೆಲಸವೂ ಆಗದೆ ಉಳಿಯುತ್ತದೆ. ಬೊಂಬಾಯಿಯ ಹೋಟೆಲಿನಲ್ಲಿದ್ದ ಗಂಡನಿಗೆ ಮನೆಯ ಮಾಡಿನ ಹಂಚು ಹೊದಿಸುವ ಬಗ್ಗೆ ಬರೆಯುತ್ತಿದ್ದ ನಮ್ಮೂರಿನ ಹೆಂಗಸರು ಈ ವಾಕ್ಯದ ಕೆಳಗೆ ಕಣ್ಣು ಮುಚ್ಚಿ ಸಹಿ ಹಾಕಿಯಾರು.

ಆದರೂ ಬೆಂಬಲವೆಂಬ ಮಾತನ್ನು ನಾನು ಬಿಟ್ಟುಕೊಡುವುದಿಲ್ಲ. ಪ್ರತಿನಿಧಿಯಾಗಿ ಹೋದವನಿಗೆ ತನ್ನನ್ನು ಕಳುಹಿಸಿದ ಊರಿನ ನಾಡಿ ತಿಳಿಯದಿದ್ದರೆ ಅವನ ಮಾತಿಗೆ ಬೆಲೆಯಿಲ್ಲ. ಪತ್ರಿಕೆಗಳು ವಾರಗಟ್ಟಲೆ ತಡವಾಗಿ ಬರುತ್ತಿದ್ದವು. ಗೆಳೆಯರು ಬರೆದ ಕಾಗದದಲ್ಲಿ ಅವರವರ ಪಕ್ಷದ ವಾಸನೆ ಇರುತ್ತಿತ್ತು. ಯಾರು ಮನೆಗೆ ಬಂದು ಹೋದರು, ಯಾರು ಬರುವುದನ್ನು ನಿಲ್ಲಿಸಿದರು, ಕಷ್ಟದ ರಾತ್ರಿ ಯಾರು ಬಾಗಿಲು ತಟ್ಟಿದರು ಎಂಬುದು ಹೆಂಡತಿಯ ಕಾಗದದಲ್ಲಿ ಮಾತ್ರ ಸಿಗುವ ಸುದ್ದಿ. ರಾಜಕೀಯದವರಿಗೆ ಇದಕ್ಕಿಂತ ಹೆಚ್ಚಿನ ವರದಿ ಇಂದಿಗೂ ಬೇಕಾಗುವುದಿಲ್ಲ.

ಹತ್ತು ವರ್ಷದ ಬಳಿಕ ಇದೇ ಕೆಲಸವನ್ನು ಅಬಿಗೈಲ್ ಆಡಮ್ಸ್ ಇನ್ನಷ್ಟು ಬಿಚ್ಚಿ ಮಾಡಿದರು. ಅವರ ಗಂಡ ಜಾನ್ ಆಡಮ್ಸ್ ಫಿಲಡೆಲ್ಫಿಯಾದಲ್ಲಿ ಸೇರಿದ್ದ ವಸಾಹತುಗಳ ಪ್ರತಿನಿಧಿಗಳ ಮಹಾಸಭೆಯಲ್ಲಿದ್ದರು. ಅಬಿಗೈಲ್ ಮಕ್ಕಳೊಂದಿಗೆ ಮ್ಯಾಸಚೂಸೆಟ್ಸ್‌ನ ಹೊಲಮನೆಯಲ್ಲಿದ್ದರು. ಈ ದಂಪತಿ ಜೀವನದಲ್ಲಿ ಬರೆದುಕೊಂಡ ಕಾಗದಗಳಲ್ಲಿ 1,100ಕ್ಕೂ ಹೆಚ್ಚು ಉಳಿದಿವೆ. 1775ರ ಬೇಸಿಗೆಯಲ್ಲಿ, ಪಕ್ಕದಲ್ಲೇ ಬ್ರಿಟಿಷರೊಡನೆ ಯುದ್ಧ ನಡೆಯುತ್ತಿರುವಾಗ, ಅವರು ಗಂಡನಿಗೆ ಒಂದು ಕಟ್ಟು ಗುಂಡುಸೂಜಿ ಕಳುಹಿಸಿರೆಂದು ಬರೆದರು. ಗುಂಡುಸೂಜಿಯ ಮಾತು ಮಹಾಸಭೆಯವರಿಗೆ ನಗು ತರಿಸಬಹುದು. ಬ್ರಿಟನ್ನಿನ ಸಾಮಾನು ನಿಂತರೆ ಮನೆಯೊಳಗೆ ಮೊದಲು ಏನು ಮುಗಿಯುತ್ತದೆ ಎಂಬುದರ ಲೆಕ್ಕ ಅದರಲ್ಲಿದೆ. 1777ರ ಜುಲೈ 31ರ ಕಾಗದ ಇನ್ನೂ ಸೊಗಸು. ಬಾಸ್ಟನ್ನಿನಲ್ಲಿ ಕಾಫಿಯನ್ನು ಅಡಗಿಸಿಟ್ಟು ಹೆಚ್ಚಿನ ಬೆಲೆ ಕೇಳಿದ ವರ್ತಕನ ಬಳಿಗೆ ನೂರೋ ಅದಕ್ಕಿಂತ ಹೆಚ್ಚೋ ಹೆಂಗಸರು ಗಾಡಿ ತೆಗೆದುಕೊಂಡು ಹೋದರು. ಬೀಗದ ಕೈ ಕೊಡದಿದ್ದಾಗ ಒಬ್ಬಳು ಅವನ ಕುತ್ತಿಗೆ ಹಿಡಿದು ಗಾಡಿಗೆ ಎತ್ತಿ ಹಾಕಿದಳು. ಬೀಗದ ಕೈ ಸಿಕ್ಕಿತು, ಕಾಫಿ ಗಾಡಿಗೆ ಏರಿತು. ಗಂಡಸರ ದೊಡ್ಡ ಗುಂಪು ಬಾಯಿ ಬಿಟ್ಟುಕೊಂಡು ಸುಮ್ಮನೆ ನೋಡುತ್ತ ನಿಂತಿತ್ತು ಎಂದು ಅಬಿಗೈಲ್ ಬರೆಯುತ್ತಾರೆ. ಇದು ಅಡಿಗೆಮನೆಯ ಸುದ್ದಿಯೋ ರಾಜಕೀಯದ ಸುದ್ದಿಯೋ ಎಂದು ವಕೀಲರೇ ತೀರ್ಪು ಕೊಡಲಿ.

1776ರ ಮಾರ್ಚ್ 31ರ ಕಾಗದದಲ್ಲಿ, ಹೊಸ ಕಾನೂನು ಮಾಡುವಾಗ ಹೆಂಗಸರನ್ನು ನೆನಪಿಟ್ಟುಕೊಳ್ಳಿರೆಂದು ಅಬಿಗೈಲ್ ಕೇಳಿದ್ದನ್ನು ಎಲ್ಲರೂ ಉದ್ಧರಿಸುತ್ತಾರೆ. ಅದಕ್ಕೆ ಗಂಡ ಕೊಟ್ಟ ಉತ್ತರವನ್ನು ಉದ್ಧರಿಸುವವರು ಕಡಮೆ. ನಗದೆ ಇರಲಾರೆ ಎಂದು ಅವರು ಬರೆದಿದ್ದರು.

ಪ್ರಶ್ನೆ: ಫ್ರಾಂಕ್ಲಿನ್ ದಂಪತಿ ಕೊನೆಗೆ ಒಂದಾದರೆ? (ಮೂಡುಬಿದಿರೆಯಿಂದ ಒಬ್ಬ ವಿದ್ಯಾರ್ಥಿನಿ)

ಉತ್ತರ: ಇಲ್ಲ. 1764ರ ನವೆಂಬರಿನಲ್ಲಿ ಹೋದ ಗಂಡನನ್ನು ಡೆಬೊರಾ ಮತ್ತೆ ನೋಡಲಿಲ್ಲ. 1768-69ರ ಚಳಿಗಾಲದಲ್ಲಿ ಅವರಿಗೆ ಪಾರ್ಶ್ವವಾಯು ಬಡಿಯಿತು. ಬರುತ್ತೇನೆ ಬರುತ್ತೇನೆ ಎಂದು ಗಂಡ ಬರೆಯುತ್ತಲೇ ಇದ್ದರು. 1774ರ ಸೆಪ್ಟೆಂಬರಿನಲ್ಲಿ, ನಿನ್ನಿಂದ ಒಂದು ಸಾಲು ಬಂದು ಒಂಬತ್ತು ತಿಂಗಳಾಯಿತಲ್ಲ ಎಂದು ಅವರು ಕೇಳಿದರು. ಡಿಸೆಂಬರ್ 19ರಂದು ಡೆಬೊರಾ ತೀರಿಕೊಂಡರು. ಫ್ರಾಂಕ್ಲಿನ್ ಫಿಲಡೆಲ್ಫಿಯಾಕ್ಕೆ ಬಂದಿಳಿದದ್ದು 1775ರ ಮೇ 5ರಂದು. ಈ ವಿಷಯದಲ್ಲಿ ಅವರ ಪರವಾಗಿ ವಾದಿಸಲು ನನಗೆ ಮನಸ್ಸಿಲ್ಲ.

ಪ್ರಶ್ನೆ: ಆ ಕಾಲದ ಇಂಗ್ಲಿಷ್ ಕಾನೂನಿನಲ್ಲಿ ಮದುವೆಯಾದ ಹೆಣ್ಣಿಗೆ ಸ್ವಂತ ಆಸ್ತಿಯೇ ಇರಲಿಲ್ಲವಂತೆ. ಹಾಗಿದ್ದರೆ ಗಂಡನಿಲ್ಲದೆ ಮನೆ, ಅಂಗಡಿ, ವ್ಯವಹಾರವನ್ನು ಡೆಬೊರಾ ನಡೆಸಿದ್ದು ಹೇಗೆ? ನಮ್ಮ ಅಳಿಯಸಂತಾನದ ಮನೆಗಳಲ್ಲಿ ಇಂಥ ಪ್ರಶ್ನೆಯೇ ಏಳುತ್ತಿರಲಿಲ್ಲ ಅಲ್ಲವೆ? (ಕಾರ್ಕಳದಿಂದ ಒಬ್ಬ ಓದುಗರು)

ಉತ್ತರ: ಮುಕ್ತಿಯಾರು ಪತ್ರದ ಮೂಲಕ. ಹೊರಡುವ ಮೊದಲು, 1757ರಲ್ಲಿ, ಫ್ರಾಂಕ್ಲಿನ್ ತಮ್ಮ ಪರವಾಗಿ ವ್ಯವಹರಿಸುವ ಅಧಿಕಾರವನ್ನು ಹೆಂಡತಿಗೆ ಬರೆದುಕೊಟ್ಟರು. 1733ರಲ್ಲಿಯೂ ಒಮ್ಮೆ ಹಾಗೆ ಬರೆದುಕೊಟ್ಟಿದ್ದರು. ಡೆಬೊರಾ ಹೊಸದಾಗಿ ಕಲಿಯಬೇಕಾದದ್ದು ಏನೂ ಇರಲಿಲ್ಲ. 1730ರಲ್ಲಿ ಜೊತೆಯಾಗಿ ಸಂಸಾರ ಹೂಡಿದ ದಿನಗಳಿಂದ ಅಂಗಡಿಯ ಲೆಕ್ಕವನ್ನು ಅವರೇ ಬರೆಯುತ್ತಿದ್ದರು, ಅವರ ಕೈಬರಹದ ಲೆಕ್ಕದ ಪುಸ್ತಕವೂ ಉಳಿದಿದೆ. 1737ರಲ್ಲಿ ಗಂಡ ಊರಿನ ಪೋಸ್ಟ್ ಮಾಸ್ತರರಾದ ಮೇಲೆ ಅಂಚೆಯ ಕೆಲಸಕ್ಕೂ ಅವರು ಕೈ ಕೊಟ್ಟರು.

ನಮ್ಮ ಕಡೆಯ ವಿಷಯದಲ್ಲಿ ಸ್ವಲ್ಪ ತಾಳ್ಮೆಯಿರಲಿ. ಅಳಿಯಸಂತಾನದಲ್ಲಿ ಆಸ್ತಿ ಹೆಣ್ಣಿನ ಕವಲಿನಲ್ಲಿ ಇಳಿಯುತ್ತಿತ್ತು, ಗಂಡ ಊರಲ್ಲಿಲ್ಲ ಎಂಬ ಕಾರಣಕ್ಕೆ ಹೆಂಡತಿ ಬೀದಿಗೆ ಬೀಳುತ್ತಿರಲಿಲ್ಲ, ಇದು ಸರಿ. ಆದರೆ ಹೆಚ್ಚಿನ ಮನೆಗಳಲ್ಲಿ ಯಜಮಾನಿಕೆ ಮಾಡುತ್ತಿದ್ದವನು ಅವಳ ಅಣ್ಣನೋ ಸೋದರಮಾವನೋ ಆಗಿರುತ್ತಿದ್ದ. ಆಸ್ತಿ ಹೆಣ್ಣಿನ ಹೆಸರಿನಲ್ಲಿ ಹರಿಯುವುದು ಬೇರೆ, ಬೀಗದ ಕೈಗೊಂಚಲು ಅವಳ ಸೊಂಟದಲ್ಲಿರುವುದು ಬೇರೆ. ಜೊತೆಗೆ, ನಮ್ಮ ಜಿಲ್ಲೆಯ ಎಲ್ಲ ಸಮುದಾಯಗಳೂ ಈ ಕಟ್ಟಿನವರಲ್ಲ. ಸ್ವಾತಂತ್ರ್ಯ ಚಳವಳಿಗೆ ಇಳಿದ ಎಷ್ಟೋ ಮನೆಗಳು ಮಕ್ಕಳಸಂತಾನದವು, ಅಂದರೆ ಆಸ್ತಿ ತಂದೆಯಿಂದ ಮಕ್ಕಳಿಗೆ ಇಳಿಯುವವು. ಅಲ್ಲಿ ಗಂಡ ಜೈಲಿಗೆ ಹೋದ ಮರುದಿನ ಸಾಲ ಕೊಟ್ಟವನು ಅಂಗಳಕ್ಕೆ ಬಂದರೆ ಉತ್ತರ ಕೊಡಬೇಕಾದವಳು ಹೆಂಡತಿಯೇ.

ಪ್ರಶ್ನೆ: ಮನೆ ಬದಲಾಯಿಸುವಾಗ ಅಟ್ಟದ ಟ್ರಂಕಿನಲ್ಲಿ ನನ್ನ ಅಜ್ಜಿ ಅಜ್ಜನಿಗೆ ಬರೆದ ಹನ್ನೊಂದು ಕಾಗದಗಳು ಸಿಕ್ಕಿವೆ. 1932ರಲ್ಲಿ ಅಜ್ಜ ಕಾನೂನುಭಂಗ ಮಾಡಿ ಕಣ್ಣೂರಿನ ಜೈಲಿನಲ್ಲಿದ್ದರು. ಕಾಗದಗಳಲ್ಲಿ ಗಾಂಧೀಜಿಯ ಹೆಸರೂ ಇಲ್ಲ, ಸ್ವರಾಜ್ಯದ ಮಾತೂ ಇಲ್ಲ. ಒಂದನ್ನು ಇಲ್ಲಿ ನಕಲು ಮಾಡಿದ್ದೇನೆ: "ಇತ್ತ ಎಲ್ಲರು ಸುಕ. ಅತ್ತ ನಿಮ್ಮ ಸುಕಕ್ಕೆ ಬರೆಯುವುದು. ಕಾರ್ತಿ ಬತ್ತ ಕೊಯ್ದಾಯಿತು. ಕೆಂಪಿ ಕರು ಹಾಕಿದೆ, ಹೆಣ್ಣು. ಚಿಕ್ಕವನಿಗೆ ಜರ ಬಂದಿತ್ತು, ಈಗ ಇಲ್ಲ. ನಮ್ಮ ಕಾರಣ ಹೇಳಿ ನೀವು ಅವಸರ ಮಾಡುವುದು ಬೇಡ." ಕಾಗದದೊಳಗಿನ ಅಕ್ಷರ ಅಜ್ಜಿಯದ್ದು, ಲಕೋಟೆಯ ಮೇಲಿನ ಅಕ್ಷರ ಬೇರೆಯವರದ್ದು. ಕರು, ಬತ್ತ ಎಂಬುದೆಲ್ಲ ಗುಪ್ತ ಸಂಕೇತಗಳಿರಬಹುದೆ? ಇವನ್ನು ಕುಟುಂಬದ ಪುಸ್ತಕದಲ್ಲಿ ಅಚ್ಚು ಹಾಕಿಸುವಾಗ ಕಾಗುಣಿತ ತಿದ್ದಬೇಕೆ? ಕಾಗದಗಳನ್ನು ಕಾಪಾಡುವುದು ಹೇಗೆ? (ಕುಂದಾಪುರದಿಂದ ಒಬ್ಬ ಓದುಗಿ)

ಉತ್ತರ: ಅಮ್ಮಾ, ನಿಮ್ಮ ಕಾಗದ ಬಂದ ದಿನ ಉಳಿದ ಪ್ರಶ್ನೆಗಳನ್ನೆಲ್ಲ ಬದಿಗಿಟ್ಟು ಆ ಆರು ಸಾಲನ್ನು ನಾಲ್ಕು ಸಲ ಓದಿದೆ.

ಮೊದಲು ಸಂಕೇತದ ವಿಷಯ. ಕೆಂಪಿ ನಿಜವಾಗಿಯೂ ಕರು ಹಾಕಿರಬೇಕು. ಸ್ವಾತಂತ್ರ್ಯ ಹೋರಾಟಗಾರರ ಮನೆಯ ಕಾಗದವೆಂದ ಕೂಡಲೇ ಪ್ರತಿ ಕರುವಿನೊಳಗೂ ಒಂದು ಬಾಂಬನ್ನು ಹುಡುಕುವುದು ಈಚಿನ ಚಟ. ಜೈಲಿಗೆ ಹೋಗುವ ಕಾಗದವನ್ನು ಅಧಿಕಾರಿಗಳು ಓದಿಯೇ ಒಳಗೆ ಬಿಡುತ್ತಿದ್ದರೆಂಬುದು ಮನೆಯವರಿಗೆ ಗೊತ್ತಿತ್ತು. ಗಾಂಧೀಜಿಯ ಹೆಸರು ಇಲ್ಲದಿರುವುದಕ್ಕೆ ಅಷ್ಟು ಕಾರಣ ಸಾಕು.

ಹಾಗೆಂದು ಈ ಕಾಗದ ಬರಿಯ ಕ್ಷೇಮಸಮಾಚಾರವಲ್ಲ. ಕೊನೆಯ ಸಾಲನ್ನು ನೋಡಿ. ಜೈಲಿನಲ್ಲಿದ್ದವನು ಅವಸರ ಮಾಡುವುದು ಎಂದರೇನು? ಶಿಕ್ಷೆಯ ಅವಧಿ ಅವನ ಕೈಯಲ್ಲಿಲ್ಲ. ಬೇಗ ಹೊರಬರಲು ಅವನ ಕೈಯಲ್ಲಿ ಇದ್ದ ದಾರಿ ಒಂದೇ, ಇನ್ನು ಮುಂದೆ ಚಳವಳಿಗೆ ಸೇರುವುದಿಲ್ಲವೆಂದು ಬರೆದುಕೊಡುವುದು. ಮನೆಯಲ್ಲಿ ಮಗುವಿಗೆ ಜ್ವರವೆಂದೋ ಕೊಯ್ಲಿಗೆ ಆಳಿಲ್ಲವೆಂದೋ ತಿಳಿದರೆ ಗಟ್ಟಿಗನ ಕೈಯೂ ಪೆನ್ನಿನ ಕಡೆಗೆ ಹೋದೀತು. ನಿಮ್ಮ ಅಜ್ಜಿ ಆ ಎರಡು ಕಾರಣಗಳನ್ನೂ ಮೊದಲೇ ತೆಗೆದುಹಾಕಿದ್ದಾರೆ: ಬತ್ತ ಕೊಯ್ದಾಯಿತು, ಜರ ಈಗ ಇಲ್ಲ. ಅದಾದ ಮೇಲೆ "ನಮ್ಮ ಕಾರಣ ಹೇಳಿ" ಎಂಬ ಮಾತು ಬರುತ್ತದೆ. ಇದು ನನ್ನ ಓದು. ಉಳಿದ ಹತ್ತು ಕಾಗದಗಳ ಜೊತೆಗಿಟ್ಟು, ಅಜ್ಜ ಬಿಡುಗಡೆಯಾದ ದಿನಾಂಕದೊಡನೆ ತಾಳೆ ನೋಡಿ ನೀವೇ ನಿರ್ಧರಿಸಬೇಕು. ಆದರೆ ಮಾಳಿಗೆಯಲ್ಲಿ ಬಂದೂಕು ಇಟ್ಟುಕೊಂಡ ಡೆಬೊರಾ ಅವರೂ ಕೊಯ್ದ ಬತ್ತದ ಲೆಕ್ಕ ಕೊಟ್ಟ ನಿಮ್ಮ ಅಜ್ಜಿಯೂ ಗಂಡನಿಗೆ ಹೇಳಿದ್ದು ಒಂದೇ ಎಂದು ನನಗೆ ಕಾಣುತ್ತದೆ: ನಾನು ಇಲ್ಲಿಂದ ಅಲುಗಾಡಿಲ್ಲ, ನೀವು ಅಲ್ಲಿ ನಿಲ್ಲಿ.

ಲಕೋಟೆಯ ಅಕ್ಷರದ ಗುಟ್ಟು ಸುಲಭ. ಗಂಡನ ಹೆಸರನ್ನು ಬಾಯಲ್ಲಿ ಹೇಳದವರು ಕೈಯಲ್ಲಿ ಹೇಗೆ ಬರೆದಾರು? ಕಾಗದದೊಳಗೆ "ನೀವು" ಎಂದರೆ ನಡೆಯುತ್ತದೆ, ಅಂಚೆಯವನಿಗೂ ಜೈಲಿನವನಿಗೂ ಅದು ಸಾಲದು. ಹಾಗಾಗಿ ಶಾಲೆಗೆ ಹೋಗುವ ಮಗನೋ, ನೆರೆಮನೆಯ ಮಾಸ್ತರರೋ ವಿಳಾಸ ಬರೆದುಕೊಟ್ಟಿರಬೇಕು. ಬೆಂಜಮಿನ್ ಮತ್ತು ಡೆಬೊರಾ ತಮ್ಮ ಕಾಗದಗಳಲ್ಲಿ ಒಬ್ಬರನ್ನೊಬ್ಬರು "ನನ್ನ ಪ್ರೀತಿಯ ಮಗುವೇ" ಎಂದು ಕರೆದುಕೊಳ್ಳುತ್ತಿದ್ದರು; ನಿಮ್ಮ ಅಜ್ಜಿಗೆ ಇದನ್ನು ಹೇಳಿದ್ದರೆ ಸೆರಗು ಬಾಯಿಗೆ ಅಡ್ಡ ಹಿಡಿದು ಒಳಗೆ ಹೋಗುತ್ತಿದ್ದರು. ಆ ವಿಳಾಸದ ಕೈ ಯಾರದೆಂದು ಹಿರಿಯರನ್ನು ಕೇಳಿ. 1932ರಲ್ಲಿ ರಾಜಕೀಯ ಕೈದಿಗೆ ಹೋಗುವ ಲಕೋಟೆಯ ಮೇಲೆ ತನ್ನ ಅಕ್ಷರ ಬೀಳಿಸಲು ಎಲ್ಲ ಮಾಸ್ತರರೂ ಒಪ್ಪುತ್ತಿರಲಿಲ್ಲ.

ನಮ್ಮ ಜಿಲ್ಲೆಯ ಚಳವಳಿಯ ಇತಿಹಾಸದಲ್ಲಿ ಹೆಂಗಸರ ಹೆಸರು ಪೂರಾ ಇಲ್ಲವೆಂದಲ್ಲ. ಕಾರ್ನಾಡ್ ಸದಾಶಿವರಾಯರ ಹೆಸರಿನೊಂದಿಗೆ, ಮಹಿಳಾ ಸಭೆಯ ಕೆಲಸದಲ್ಲಿ ಅವರ ಜೊತೆಗಿದ್ದ ಪತ್ನಿ ಶಾಂತಾಬಾಯಿಯವರ ಹೆಸರೂ ಬರುತ್ತದೆ; ಮಂಗಳೂರಿನಲ್ಲಿ ಹುಟ್ಟಿದ ಕಮಲಾದೇವಿ ಚಟ್ಟೋಪಾಧ್ಯಾಯರು 1926ರಲ್ಲಿ ಮದರಾಸು ಶಾಸನಸಭೆಯ ಚುನಾವಣೆಗೆ ನಿಂತು ಅತಿ ಕಡಮೆ ಮತಗಳಿಂದ ಸೋತದ್ದು ಪ್ರಸಿದ್ಧ. ಆದರೆ ವೇದಿಕೆ ಏರದೆ, ಹಟ್ಟಿಯಿಂದ ಹಾಲು ಕರೆದು ಬಂದು ಸಂಜೆ ದೀಪದ ಬುಡದಲ್ಲಿ ಕಾಗದ ಬರೆದವರು ಆ ಪುಸ್ತಕಗಳಲ್ಲಿ ಸಿಗುವುದಿಲ್ಲ. ಅವರು ಸಿಗಬೇಕಾದರೆ ಟ್ರಂಕುಗಳೇ ತೆರೆಯಬೇಕು.

ಕಾಗುಣಿತವನ್ನು ದಯವಿಟ್ಟು ಮುಟ್ಟಬೇಡಿ. ಡೆಬೊರಾ ಕಿವಿಗೆ ಕೇಳಿದಂತೆ ಬರೆಯುತ್ತಿದ್ದವರು. ಕಾಗದದ ಕೊನೆಯಲ್ಲಿ ಬರುವ "ಪ್ರೀತಿಯ" ಎಂಬರ್ಥದ ಇಂಗ್ಲಿಷ್ ಶಬ್ದವನ್ನೇ ಅವರು ಉಚ್ಚಾರದಂತೆ ಬರೆದಿದ್ದಾರೆ. ಹಾಗೆ ಇರುವುದರಿಂದಲೇ ಎರಡೂವರೆ ಶತಮಾನದ ಬಳಿಕವೂ ಅವರ ದನಿ ಕೇಳುತ್ತದೆ. ನಾನು ಈ ಪಾಠವನ್ನು ನಷ್ಟ ಮಾಡಿ ಕಲಿತವನು. ಮೂವತ್ತು ವರ್ಷದ ಹಿಂದೆ ಒಂದು ಸ್ಮರಣ ಸಂಚಿಕೆಯ ಕೆಲಸ ನನ್ನ ಮೇಲಿತ್ತು. ಹಿರಿಯ ಹೆಂಗಸೊಬ್ಬರ ಹಳೆಯ ಕಾಗದವನ್ನು ಅಚ್ಚಿಗೆ ಕೊಡುವಾಗ, ಇಷ್ಟು ತಪ್ಪಿದ್ದರೆ ಅವರಿಗೇ ಅವಮಾನವೆಂದುಕೊಂಡು ಒಂದೊಂದು ಅಕ್ಷರವನ್ನೂ ತಿದ್ದಿ, ಎರಡು ವಾಕ್ಯವನ್ನು ಜೋಡಿಸಿ ನೇರ್ಪು ಮಾಡಿದೆ. ಅಚ್ಚಾದ ಪ್ರತಿಯನ್ನು ಅವರ ಮಗ ಓದಿ, "ಚೆನ್ನಾಗಿದೆ ಸರ್, ಆದರೆ ಇದು ಅಮ್ಮನದ್ದಲ್ಲ" ಎಂದರು. ಮೂಲ ಕಾಗದ ಅಷ್ಟರೊಳಗೆ ಅಚ್ಚುಕೂಟದ ರದ್ದಿಯಲ್ಲಿ ಹೋಗಿಯಾಗಿತ್ತು. ನೀವು ಬೇಕಾದರೆ ಕೆಳಗೆ ಸಣ್ಣ ಅಕ್ಷರದಲ್ಲಿ ಅರ್ಥ ಕೊಡಿ. ಕಾರ್ತಿ ಬತ್ತವೆಂದರೆ ಮಳೆಗಾಲದ ಬೆಳೆಯೆಂದು ಬೆಂಗಳೂರಿನ ಮೊಮ್ಮಕ್ಕಳಿಗೆ ಹೇಳಲೇಬೇಕಾಗುತ್ತದೆ. "ಸುಕ" ಮಾತ್ರ ಸುಕವಾಗಿಯೇ ಇರಲಿ.

ಕಾಪಾಡುವ ವಿಷಯದಲ್ಲಿ ನಮ್ಮ ಕರಾವಳಿಯ ಮಳೆಗಾಲವೇ ದೊಡ್ಡ ಶತ್ರು. ಕಾಗದಗಳಿಗೆ ಗುಂಡುಸೂಜಿ ಚುಚ್ಚಿದ್ದರೆ ಮೊದಲು ಮೆಲ್ಲಗೆ ತೆಗೆಯಿರಿ. ಉಪ್ಪುಗಾಳಿಗೆ ಅದು ತುಕ್ಕು ಹಿಡಿದು ಕಾಗದವನ್ನು ತಿಂದುಬಿಡುತ್ತದೆ. ಹರಿದಲ್ಲಿ ಸೆಲ್ಲೊಟೇಪ್ ಅಂಟಿಸಬೇಡಿ, ಅದರ ಅಂಟು ಕೆಲವು ವರ್ಷಗಳಲ್ಲಿ ಹಳದಿಯಾಗಿ ಅಕ್ಷರಕ್ಕೆ ಇಳಿಯುತ್ತದೆ. ಲ್ಯಾಮಿನೇಶನ್ ಅಂತೂ ಬೇಡವೇ ಬೇಡ, ಆ ಬಿಸಿಯನ್ನು ಹಳೆಯ ಕಾಗದ ತಾಳುವುದಿಲ್ಲ, ಒಮ್ಮೆ ಮಾಡಿದರೆ ಬಿಡಿಸಲೂ ಆಗುವುದಿಲ್ಲ. ಮಡಿಕೆಗಳನ್ನು ಇಸ್ತ್ರಿ ಹಾಕದೆ ಕೈಯಿಂದ ಬಿಡಿಸಿ, ಆಮ್ಲವಿಲ್ಲದ ಕಾಗದದ ಲಕೋಟೆಯೊಳಗೆ ಒಂದೊಂದನ್ನೇ ಹಾಕಿ, ನಂಬರನ್ನು ಪೆನ್ಸಿಲಿನಿಂದ ಹೊಸ ಲಕೋಟೆಯ ಮೇಲೆ ಬರೆಯಿರಿ. ಗೋಡೆಗೆ ತಾಗಿದ ಕಪಾಟಿನಲ್ಲಿ ಇಡಬೇಡಿ, ಆಟಿಯ ಮಳೆಯಲ್ಲಿ ಗೋಡೆ ಬೆವರುತ್ತದೆ. ಬೂಷ್ಟು ಹಿಡಿದಿದ್ದರೆ ಬಿಸಿಲಿಗೆ ಹರಡದೆ, ಗಾಳಿಯಾಡುವ ನೆರಳಿನಲ್ಲಿ ಒಣಗಿಸಿ ಮೃದುವಾದ ಕುಂಚದಿಂದ ತೆಗೆಯಿರಿ. ಇದೆಲ್ಲಕ್ಕೆ ಮೊದಲು ಹನ್ನೊಂದು ಕಾಗದಗಳ ಎರಡೂ ಬದಿಯನ್ನೂ, ಲಕೋಟೆಗಳನ್ನೂ, ಜೈಲಿನ ಮುದ್ರೆಯಿದ್ದರೆ ಅದನ್ನೂ ಸ್ಕ್ಯಾನ್ ಮಾಡಿಸಿ ಎರಡು ಮನೆಗಳಲ್ಲಿ ಇರಿಸಿ.

ಅಜ್ಜ ಬರೆದ ಉತ್ತರಗಳು ನಿಮ್ಮ ಟ್ರಂಕಿನಲ್ಲಿ ಇಲ್ಲವೆಂದು ತೋರುತ್ತದೆ. ಅಜ್ಜಿಯ ತವರಿನ ಅಟ್ಟವನ್ನು ಒಮ್ಮೆ ನೋಡಿಸಿ.